ಸೈಕಲ್ಲು ನೌಕರನದು, ಸವಾರಿ ಸರಕಾರದ್ದು!

ಗ್ರಾಮೀಣ ಡಾಕ್ ಸೇವಕರನ್ನು ನೇಮಿಸಿಕೊಳ್ಳಲು ಅಂಚೆ ಇಲಾಖೆಯವರು ಹೊರಡಿಸುವ ಪ್ರಕಟಣೆಯನ್ನು ನಮ್ಮ ವಾಚಕರು ಒಮ್ಮೆ ಓದಿ ನೋಡಬೇಕು. ಹತ್ತನೆಯ ಇಯತ್ತೆ ಪಾಸಾಗಿರಬೇಕು, ಸ್ಥಳೀಯ ಭಾಷೆ ಬರಬೇಕು ಎಂದು ಹೇಳಿದ ಮೇಲೆ ಇನ್ನೂ ಮೂರು ಅರ್ಹತೆಗಳನ್ನು ಅಲ್ಲಿ ಕಾಣಿಸಿರುತ್ತಾರೆ. ಒಂದು, ಕಂಪ್ಯೂಟರಿನ ಜ್ಞಾನ. ಎರಡು, ಸೈಕಲ್ ತುಳಿಯುವ ಜ್ಞಾನ. ಮೂರು, ಹೊಟ್ಟೆ ಹೊರೆಯಲು ಬೇರೆ ಸಾಕಷ್ಟು ಉತ್ಪನ್ನ.

ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕಕ್ಕಿಟ್ಟು ಓದಿರಿ. ಸೈಕಲ್ ತುಳಿಯಲು ಬರಲೇಬೇಕು. ಆದರೆ ತುಳಿದ ಪಗಾರದಿಂದ ಸಂಸಾರ ನಡೆಯುತ್ತದೆಂದು ಮಾತ್ರ ತಿಳಿಯಕೂಡದು. ಇದು ಯಾವುದೋ ಲೇವಾದೇವಿಯ ಸಾಹುಕಾರ ತನ್ನ ಆಳಿಗೆ ಹೇಳಿದ ಮಾತಲ್ಲ. ಸಮಾನತೆ, ಸಾಮಾಜಿಕ ನ್ಯಾಯ ಎಂದು ಸಂವಿಧಾನದ ಮುಖಪುಟದಲ್ಲಿ ಬರೆದುಕೊಂಡ ಸರಕಾರವೇ ಅಚ್ಚು ಹಾಕಿಸಿ ಹೇಳುತ್ತಿರುವ ಮಾತು.

ನಮ್ಮ ಪ್ರಶ್ನೆ ಸರಳವಾದುದು. ಸೈಕಲ್ ತುಳಿಯುವುದು ನೌಕರಿಗೆ ಬೇಕಾದ ಅರ್ಹತೆ ಎಂದಾದರೆ, ಅದು ಕೆಲಸ. ಕೆಲಸ ಎಂದಾದರೆ ಅದಕ್ಕೆ ಕೂಲಿ ಉಂಟು. ಆ ಕೂಲಿ ಎಲ್ಲಿದೆ?

ಮಗ್ಗವನ್ನು ಮನೆಯಿಂದ ತರುವವರುಂಟೆ?

ಈ ಪತ್ರಿಕೆಯನ್ನು ಓದುವವರಲ್ಲಿ ಗಿರಣಿಯ ಕಾರ್ಮಿಕರು ಬಹಳ ಮಂದಿ. ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಭೋಂಗಾ ನಿಂತು ದಶಕಗಳಾದರೂ ಆ ಬಡಾವಣೆಗೆ ಇನ್ನೂ ಗಿರಣಿಯ ಹೆಸರೇ ಉಳಿದಿದೆ. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಇಂದು ತೊಗರಿ ಬೇಳೆಯ ಗಿರಣಿಗಳಲ್ಲಿ, ನೆಹರೂ ಗಂಜಿನಲ್ಲಿ ದುಡಿಯುತ್ತಿದ್ದಾರೆ. ಅವರನ್ನು ನಾವು ಕೇಳುತ್ತೇವೆ: ನಿಮ್ಮ ಅಜ್ಜ ಗಿರಣಿಗೆ ಹೋಗುವಾಗ ಮಗ್ಗವನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದನೆ? ಮಗ್ಗದ ಎಣ್ಣೆಗೆ, ಪಟ್ಟೆಗೆ ತನ್ನ ಕಿಸೆಯಿಂದ ದುಡ್ಡು ಹಾಕುತ್ತಿದ್ದನೆ? ಬೇಳೆ ಒಡೆಯುವ ಯಂತ್ರ ಕೆಟ್ಟರೆ ಅದರ ದುರಸ್ತಿಯ ಖರ್ಚು ಯಾರ ಪಾಲಿನದು? ಮಾಲೀಕನದು. ಮಾಲೀಕನೆಂಬವನು ಕಾರ್ಮಿಕನ ದುಡಿಮೆಯಲ್ಲಿ ಪಾಲು ಕೀಳುವುದಕ್ಕೆ ಅವನು ಹೇಳುವ ನೆಪವೇ ಅದು: "ಯಂತ್ರ ನನ್ನದು, ಬಂಡವಾಳ ನನ್ನದು, ಆದ್ದರಿಂದ ಲಾಭ ನನ್ನದು."

ಆ ನೆಪವನ್ನು ನಾವು ಎಂದೂ ಒಪ್ಪಿದವರಲ್ಲ. ಆದರೂ ಒಂದು ಗಳಿಗೆ ಅವನ ನ್ಯಾಯವನ್ನೇ ಹಿಡಿಯೋಣ. ಸೈಕಲ್ಲಿನ ಮೇಲೆ ದುಡಿಯುವವನ ಲೆಕ್ಕದಲ್ಲಿ ಯಂತ್ರವೂ ಅವನದೇ. ಟೈರು, ಟ್ಯೂಬು, ಚೈನು ಅವನವು. ಯಂತ್ರವನ್ನು ಓಡಿಸುವ ಎಂಜಿನ್ನೂ ಅವನದೇ, ಅಂದರೆ ಅವನ ಎರಡು ಕಾಲು. ಆ ಎಂಜಿನ್ನಿಗೆ ಹಾಕುವ ಇಂಧನವಾದ ಜೋಳದ ರೊಟ್ಟಿಯೂ ಅವನ ಮನೆಯದೇ. ಮಾಲೀಕನದು ಏನು? ತಲುಪಿಸಬೇಕಾದ ಗಂಟು ಮಾತ್ರ. ಹೀಗಿರುವಾಗ ಮಾಲೀಕನ ನ್ಯಾಯದಂತೆಯೇ ಲೆಕ್ಕ ಹಾಕಿದರೂ ಇವನಿಗೆ ಗಿರಣಿಯವನಿಗಿಂತ ಹೆಚ್ಚು ಸಿಗಬೇಕಿತ್ತು. ಸಿಗುವುದೇನು? ನೋಡೋಣ.

ದಿನಕ್ಕೆ ಆರು ರೂಪಾಯಿ

ಕೇಂದ್ರ ಸರಕಾರದ ಕಾಯಂ ನೌಕರರಲ್ಲಿ ಪೋಸ್ಟ್‌ಮನ್ನರಿಗೂ ರೈಲು ಹಳಿಯ ಕೆಲಸಗಾರರಿಗೂ ಸೈಕಲ್ ಭತ್ಯೆ ಎಂಬುದೊಂದಿದೆ. 2015ರಲ್ಲಿ ವರದಿ ಕೊಟ್ಟ 7ನೆಯ ವೇತನ ಆಯೋಗದವರು ಈ ಭತ್ಯೆಯನ್ನು ಕಿತ್ತೇ ಹಾಕಬೇಕೆಂದು ಶಿಫಾರಸು ಮಾಡಿದರು. ನೌಕರರ ಸಂಘಗಳು ದನಿ ಎತ್ತಿದ ಮೇಲೆ 2017ರ ಜೂನ್ ತಿಂಗಳಲ್ಲಿ ಕೇಂದ್ರ ಮಂತ್ರಿಮಂಡಲವು ಆ ಶಿಫಾರಸನ್ನು ತಳ್ಳಿಹಾಕಿ, ತಿಂಗಳಿಗೆ 90 ರೂಪಾಯಿ ಇದ್ದುದನ್ನು 180 ರೂಪಾಯಿ ಮಾಡಿತು. "ಇಮ್ಮಡಿ ಮಾಡಿದೆವು" ಎಂದು ಡಂಗುರವನ್ನೂ ಹೊಡೆಯಿತು.

ಇಮ್ಮಡಿಯಾದದ್ದು ನಿಜ. ಆದರೆ 180ನ್ನು 30ರಿಂದ ಭಾಗಿಸಿರಿ. ದಿನಕ್ಕೆ 6 ರೂಪಾಯಿ. ಮುಂದೆ ತುಟ್ಟಿಭತ್ಯೆ ಏರಿತೆಂದು ಅದರ ಮೇಲೆ ಕಾಲುಭಾಗ ಸೇರಿಸಿ ಹಿಡಿದರೂ ದಿನಕ್ಕೆ ಏಳೂವರೆ ರೂಪಾಯಿ ಆಯಿತು. ಕಲಬುರಗಿಯ ಸ್ಟೇಶನ್ ರಸ್ತೆಯಲ್ಲಿ ಈ ದುಡ್ಡಿಗೆ ಒಂದು ಕಪ್ಪು ಚಹಾ ಬರುವುದಿಲ್ಲ. ಮೂರು ದಿನದ ಭತ್ಯೆಯನ್ನು ಕೂಡಿಟ್ಟರೆ ಒಂದು ಪಂಕ್ಚರ್ ತೆಗೆಸಬಹುದೇನೋ. ಟೈರಿನ ಬೆಲೆ ಎಷ್ಟು, ಅದು ಎಷ್ಟು ದಿನ ಬಾಳುತ್ತದೆ, ಕಪ್ಪು ನೆಲದ ರಸ್ತೆಯಲ್ಲಿ ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ವೇತನ ಆಯೋಗದ ಮಹಾಶಯರಿಗಿಂತ ನಮ್ಮ ಸೂಪರ್ ಮಾರ್ಕೆಟ್ ಓಣಿಯ ಪಂಕ್ಚರ್ ಅಂಗಡಿಯವನು ಚೆನ್ನಾಗಿ ಬಲ್ಲ. ಅವನನ್ನು ಯಾವ ಆಯೋಗವೂ ಸಾಕ್ಷಿಗೆ ಕರೆದಿಲ್ಲ.

ಇನ್ನೊಂದು ಲೆಕ್ಕ ನೋಡಿರಿ. ಅದೇ 2017ರ ಜುಲೈ ತಿಂಗಳಲ್ಲಿ ಅದೇ ಕೇಂದ್ರ ಸರಕಾರವು ತನ್ನ ನೌಕರರ ಪ್ರವಾಸ ಭತ್ಯೆಯ ಆದೇಶ ಹೊರಡಿಸಿತು. ಬೇರೆ ದರ ಗೊತ್ತುಪಡಿಸಿಲ್ಲದ ಊರುಗಳಲ್ಲಿ ಸ್ವಂತ ಕಾರಿನಲ್ಲಿ ಹೋದರೆ ಕಿಲೋಮೀಟರಿಗೆ 24 ರೂಪಾಯಿ. ಸ್ವಂತ ಸ್ಕೂಟರಿನಲ್ಲಿ ಹೋದರೆ ಕಿಲೋಮೀಟರಿಗೆ 12 ರೂಪಾಯಿ. ಕಾರಿನವನಿಗೆ ದೂರದ ಲೆಕ್ಕ, ಸ್ಕೂಟರಿನವನಿಗೂ ದೂರದ ಲೆಕ್ಕ. ಸೈಕಲ್ಲಿನವನಿಗೆ ಮಾತ್ರ ತಿಂಗಳ ಗುತ್ತಿಗೆ! ದಿನಕ್ಕೆ 20 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ತುಳಿದವನು 500 ಕಿಲೋಮೀಟರ್ ತುಳಿದಂತಾಯಿತು. 180 ರೂಪಾಯಿಯನ್ನು ಅದಕ್ಕೆ ಹಂಚಿದರೆ ಕಿಲೋಮೀಟರಿಗೆ 36 ಪೈಸೆ. ಕಾರಿನ ಮೆತ್ತನೆಯ ಆಸನದಲ್ಲಿ ಕೂತು ಹೋಗುವ ಸಾಹೇಬರಿಗೆ 24 ರೂಪಾಯಿ. ಎದೆಯುಸಿರು ಬಿಟ್ಟು ಏರಿ ಹತ್ತುವವನಿಗೆ 36 ಪೈಸೆ. ಅರವತ್ತಾರು ಪಾಲಿನ ವ್ಯತ್ಯಾಸ! ಪೆಟ್ರೋಲು ಸುಟ್ಟರೆ ಬೆಲೆಯುಂಟು, ರಕ್ತ ಸುಟ್ಟರೆ ಬೆಲೆಯಿಲ್ಲ ಎಂಬುದೇ ಈ ಎರಡು ಆದೇಶಗಳನ್ನು ಕೂಡಿಸಿ ಓದಿದಾಗ ಸಿಗುವ ಅರ್ಥಶಾಸ್ತ್ರ.

ಹಳೆಯ ಕಾಲದ ಹರಕಾರ ಟಪಾಲಿನ ಚೀಲ ಹೊತ್ತು ಓಡುತ್ತಿದ್ದಾಗ ಅವನ ಓಟಕ್ಕೆ ಇಂತಿಷ್ಟು ಹರದಾರಿ ಎಂಬ ಎಲ್ಲೆ ಇತ್ತು. ಆ ಎಲ್ಲೆ ಮುಟ್ಟಿದೊಡನೆ ಚೀಲ ಮತ್ತೊಬ್ಬನ ಹೆಗಲಿಗೆ. ಅಂದರೆ ದಾರಿಯನ್ನು ಅಳೆದು ಕೆಲಸವನ್ನು ಹಂಚುವುದು ಟಪಾಲಿಗೆ ಹೊಸದಲ್ಲ. ನಿಜಾಮನ ಸೀಮೆಯ ಪ್ರತ್ಯೇಕ ಟಪಾಲು 1950ರಲ್ಲಿ ಭಾರತದ ಅಂಚೆಯಲ್ಲಿ ಸೇರಿತು. ಅರಸೊತ್ತಿಗೆ ಹೋಯಿತು, ಪ್ರಜಾಪ್ರಭುತ್ವ ಬಂತು; ದಾರಿಯ ಲೆಕ್ಕ ಮಾತ್ರ ಕಡತದಲ್ಲಿ ಉಳಿದು, ಪಗಾರದ ಪಟ್ಟಿಗೆ ಬರಲಿಲ್ಲ.

ಕಮಲಾಪುರದ ಏರುದಾರಿ

ಪಟ್ಟಣದ ಪೋಸ್ಟ್‌ಮನ್ ಕಾಯಂ ನೌಕರನಾದರೂ ಆದಾನು. ಹಳ್ಳಿಯ ಡಾಕ್ ಸೇವಕನ ಕಥೆ ಇದಕ್ಕಿಂತ ಕಠಿಣ. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಮಹಾಗಾಂವ್ ಕ್ರಾಸ್ ದಾಟಿ ಕಮಲಾಪುರಕ್ಕೆ ಹೋಗಿ ನೋಡಿರಿ. ಹೊಸ ತಾಲೂಕಿನ ಕೇಂದ್ರ; ಕೆಂಪು ಬಾಳೆಗೆ ಹೆಸರಾದ ಊರು. ಹೆದ್ದಾರಿ ನುಣ್ಣಗಿದೆ. ಬೀದರ–ಕಲಬುರಗಿ ರೈಲು 2017ರಿಂದ ಓಡುತ್ತಿದೆ. ಮರಗುತ್ತಿಯ ಗುಡ್ಡ ಅಡ್ಡ ಬಂದಿತೆಂದು ಅದಕ್ಕೆ ಸುರಂಗವನ್ನೇ ಕೊರೆದು ಕೊಟ್ಟರು. ಕಲಬುರಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣವೂ ತೆರೆಯಿತು. ಇವು ಯಾವುವೂ ಬೇಡವೆಂದು ನಾವು ಹೇಳುವುದಿಲ್ಲ. ರೈಲಿಗೆ ಗುಡ್ಡ ಏರಲಾಗದೆಂದು ಅರಿತ ಸರಕಾರಕ್ಕೆ, ಅದೇ ಗುಡ್ಡವನ್ನು ಸೈಕಲ್ಲು ಏರಬೇಕೆಂಬುದು ಏಕೆ ತಿಳಿಯದು ಎಂದಷ್ಟೇ ಕೇಳುತ್ತೇವೆ.

ಹೆದ್ದಾರಿಯಿಂದ ಇಳಿದು ಒಳಗಿನ ಹಳ್ಳಿಗಳ ದಾರಿ ಹಿಡಿದರೆ ತಿಳಿಯುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಸೈಕಲ್ಲು ಸವಾರನನ್ನು ಹೊರುವ ಬದಲು ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಈ ಬಿಸಿಲಿಗೆ ಅಂಜಿ ರಾಜ್ಯ ಸರಕಾರವು ಕಲಬುರಗಿ ವಿಭಾಗದ ತನ್ನ ಕಚೇರಿಗಳ ವೇಳೆಯನ್ನು ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವರೆಗೆ ಎಂದು ಬದಲಿಸುವುದು ರೂಢಿ. ಫ್ಯಾನಿನ ಕೆಳಗೆ ಕೂಡುವವರಿಗೆ ಬಿಸಿಲಿನ ರಿಯಾಯತಿ! ಒಳ್ಳೆಯದೇ, ಗುಮಾಸ್ತನೂ ಮನುಷ್ಯನೇ. ಆದರೆ ಟಪಾಲಿನ ಚೀಲ ಬಸ್ಸು ಬಂದಾಗ ಬರುತ್ತದೆ, ಬಂದ ಮೇಲೆಯೇ ಸೈಕಲ್ಲು ಹೊರಡುತ್ತದೆ. ಅದಕ್ಕೆ ಬಿಸಿಲೂ ಒಂದೇ ಬೆಳದಿಂಗಳೂ ಒಂದೇ.

ಇವರ ಪಗಾರವನ್ನು 2018ರ ಜುಲೈ 1ರಿಂದ ಪರಿಷ್ಕರಿಸಿದರು. ಡಾಕ್ ಸೇವಕನಿಗೆ 4 ತಾಸಿನ ಕೆಲಸಕ್ಕೆ ಮೂಲದಲ್ಲಿ 10,000, 5 ತಾಸಿಗೆ 12,000 ರೂಪಾಯಿ. ಶಾಖಾ ಪೋಸ್ಟ್‌ಮಾಸ್ತರನಿಗೆ 12,000 ಮತ್ತು 14,500. ಮೇಲೆ ತುಟ್ಟಿಭತ್ಯೆ. ಇದನ್ನು ಪಗಾರವೆಂದೂ ಕರೆಯುವುದಿಲ್ಲ. "ಕಾಲಕ್ಕೆ ಸಂಬಂಧಿಸಿದ ನಿರಂತರತಾ ಭತ್ಯೆ" ಎಂಬ ಉದ್ದನೆಯ ಹೆಸರು. ಈ ಪರಿಷ್ಕರಣವಾದರೂ ಪುಕ್ಕಟೆ ಬಂದುದಲ್ಲ. ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ಕೊಟ್ಟ ವರದಿ ಧೂಳು ತಿನ್ನುತ್ತ ಬಿದ್ದಿತ್ತು. 2018ರ ಮೇ 22ರಿಂದ ದೇಶದ ಉದ್ದಗಲಕ್ಕೂ ಡಾಕ್ ಸೇವಕರು ಮುಷ್ಕರ ಹೂಡಿದರು. ಹಳ್ಳಿಗಳಲ್ಲಿ ಟಪಾಲು ನಿಂತಿತು. ಜೂನ್ 6ರಂದು ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಹದಿನೆಂಟು ತಿಂಗಳು ಕಣ್ಣು ತೆರೆಯದಿದ್ದ ಕಡತ ಹದಿನಾರು ದಿನದ ಮುಷ್ಕರಕ್ಕೆ ಕಣ್ಣು ತೆರೆಯಿತು. ಸೈಕಲ್ ನಿರ್ವಹಣೆಯ ಭತ್ಯೆಯನ್ನೂ ಆಗಲೇ ಪರಿಷ್ಕರಿಸಿದ್ದು. ನಿಂತ ಚಕ್ರವು ತಿರುಗುವ ಚಕ್ರಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ ಎಂಬುದನ್ನು ಗಿರಣಿಯ ಬಂಧುಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಆದರೂ ಮೂಲದ ಸುಳ್ಳು ಹಾಗೆಯೇ ಉಳಿದಿದೆ. "ಇದು ನಾಲ್ಕೈದು ತಾಸಿನ ಬಿಡುವಿನ ಕೆಲಸ, ಅವರಿಗೆ ಬೇರೆ ಉತ್ಪನ್ನವಿದೆ" ಎಂಬುದೇ ಆ ಸುಳ್ಳು. ಬೆಳಿಗ್ಗೆ ಚೀಲ ಕಾಯಬೇಕು, ಬಸ್ಸು ತಡವಾದರೆ ಅಲ್ಲೇ ಕೂಡಬೇಕು, ಹಂಚಬೇಕು, ಲೆಕ್ಕ ಒಪ್ಪಿಸಬೇಕು, ಚೀಲ ಮರಳಿ ಕಳಿಸಬೇಕು. ಈ ನಡುವೆ ಯಾವ ಹೊಲದ ಧಣಿ ಅವನನ್ನು ಅರ್ಧ ದಿನದ ಕೂಲಿಗೆ ಕರೆಯುತ್ತಾನೆ? ನಾಲ್ಕು ತಾಸನ್ನು ದಿನವಿಡೀ ಹರಡಿದರೆ ಅದು ದಿನವೆಲ್ಲದ ಕೆಲಸವೇ ಆಗುತ್ತದೆ, ಪಗಾರ ಮಾತ್ರ ನಾಲ್ಕು ತಾಸಿನದು.

ಏಜೆಂಟ, ಸೇವಕ, ಪಾಲುದಾರ

ಹೆಸರು ಬದಲಿಸಿ ಹಕ್ಕು ಕಸಿಯುವುದು ಆಳುವವರ ಹಳೆಯ ವಿದ್ಯೆ. ಮೊದಲು ಇವರನ್ನು "ಇಲಾಖೇತರ ಏಜೆಂಟರು" ಎಂದರು. ಅಂದರೆ ಇಲಾಖೆಯ ಕೆಲಸ ಮಾಡುವವರು, ಆದರೆ ಇಲಾಖೆಯವರಲ್ಲ! 1977ರಲ್ಲಿ ಪಿ.ಕೆ. ರಾಜಮ್ಮ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಒಪ್ಪಲಿಲ್ಲ; ಇವರು ಸರಕಾರದ ಅಧೀನದಲ್ಲಿ ನಾಗರಿಕ ಹುದ್ದೆ ಹೊಂದಿದವರೇ ಎಂದು ತೀರ್ಪು ಕೊಟ್ಟಿತು. ಏಜೆಂಟ ಎಂಬ ಮಾತು ಕೋರ್ಟಿನಲ್ಲಿ ನಿಲ್ಲಲಿಲ್ಲ. 2001ರಲ್ಲಿ ಹೆಸರನ್ನೇ ಬದಲಿಸಿ "ಗ್ರಾಮೀಣ ಡಾಕ್ ಸೇವಕ" ಎಂದರು. ಕಿವಿಗೆ ಇಂಪಾದ ಹೆಸರು. ನೌಕರನಿಗೆ ಪಗಾರ ಕೊಡಬೇಕು; ಸೇವಕನಿಗೆ ಹೊಗಳಿಕೆ ಸಾಕು. ಇಂದಿಗೂ ಕಾಯಂ ನೌಕರನ ಶ್ರೇಣಿ ಇವರಿಗಿಲ್ಲ, ವೇತನ ಆಯೋಗ ಇವರದಲ್ಲ, ಪ್ರತಿ ಸಲವೂ ಬೇರೆಯೊಂದು ಸಮಿತಿ.

ಈ ವಿದ್ಯೆಯನ್ನು ಈಗ ಖಾಸಗಿ ಬಂಡವಾಳಶಾಹಿಗಳು ಕಲಿತುಕೊಂಡಿದ್ದಾರೆ. ಕಲಬುರಗಿಯ ಜಗತ್ ವೃತ್ತದ ಸುತ್ತ ಸಂಜೆ ಬೆನ್ನಿಗೆ ದೊಡ್ಡ ಚೌಕ ಚೀಲ ಕಟ್ಟಿಕೊಂಡು ಫೋನು ನೋಡುತ್ತ ನಿಲ್ಲುವ ತರುಣರನ್ನು ಎಲ್ಲರೂ ಕಂಡಿದ್ದೀರಿ. ಯಾರದೋ ಹೊಟೇಲಿನ ಊಟವನ್ನು ಯಾರದೋ ಮನೆಗೆ ಮುಟ್ಟಿಸುವವರು. ಗಾಡಿ ಅವರದು, ಎಣ್ಣೆ ಅವರದು, ಫೋನು ಅವರದು, ಬಿದ್ದರೆ ಮುರಿಯುವ ಎಲುಬೂ ಅವರದೇ. ಕಂಪನಿಯದು ಫೋನಿನೊಳಗಿನ ಆ್ಯಪು ಮಾತ್ರ. ಇವರಿಗೆ ಕಂಪನಿಗಳು ಇಟ್ಟ ಹೆಸರೇನು? "ಪಾರ್ಟ್‌ನರ್", ಅಂದರೆ ಪಾಲುದಾರ! ಗಂಜಿನ ವ್ಯಾಪಾರಸ್ಥರಿಗೆ ಪಾಲುದಾರಿಕೆ ಎಂದರೇನೆಂಬುದು ಗೊತ್ತು. ಲಾಭದಲ್ಲಿ ಪಾಲಿಲ್ಲದ, ಲೆಕ್ಕದ ಪುಸ್ತಕ ನೋಡುವ ಹಕ್ಕಿಲ್ಲದ, ದರ ಗೊತ್ತುಮಾಡುವಲ್ಲಿ ಬಾಯಿಲ್ಲದ ಪಾಲುದಾರನನ್ನು ಅವರು ಎಂದಾದರೂ ಕಂಡಿದ್ದಾರೆಯೆ? ಅವನು ಪಾಲುದಾರನಲ್ಲ, ಪಗಾರ ಬರೆಯದ ಆಳು.

ಕರ್ನಾಟಕ ಸರಕಾರವು 2025ರಲ್ಲಿ ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯಿದೆ ಮಾಡಿದೆ. ಪ್ರತಿ ಪಾವತಿಯ ಮೇಲೆ ಕಂಪನಿಗಳು ಪ್ರತಿಶತ 1ರಿಂದ 5ರ ವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಮಂಡಳಿ ಇರಬೇಕು ಎಂದು ಅದರಲ್ಲಿದೆ. ನಾವು ಇದನ್ನು ಸ್ವಾಗತಿಸುತ್ತೇವೆ. ಆದರೆ ಕಿಲೋಮೀಟರಿಗೆ ಕನಿಷ್ಠ ಇಷ್ಟು, ಕಾಯುವ ತಾಸಿಗೆ ಕನಿಷ್ಠ ಇಷ್ಟು ಎಂಬ ಮಜೂರಿಯ ಮಾತು ಇನ್ನೂ ಬರಬೇಕಾಗಿದೆ. ಆಸ್ಪತ್ರೆಗೆ ಸೇರಿದ ಮೇಲೆ ಸಿಗುವ ನೆರವು ಬೇರೆ, ದುಡಿದ ದಿನ ಸಿಗಬೇಕಾದ ಕೂಲಿ ಬೇರೆ.

ಕೆಲವು ಬುದ್ಧಿವಂತರಿಗೆ ಉತ್ತರ

ನಾವು ಈ ಮಾತೆತ್ತಿದಾಗಲೆಲ್ಲ ಕೆಲವು ಬುದ್ಧಿವಂತರು ಅಡ್ಡ ಬಾಯಿ ಹಾಕುತ್ತಾರೆ. ಅವರ ಮಾತುಗಳನ್ನು ಒಂದೊಂದಾಗಿ ನೋಡೋಣ.

"ಈಗ ಯಾರು ಸೈಕಲ್ ತುಳಿಯುತ್ತಾರೆ? ಎಲ್ಲರ ಹತ್ತಿರ ಮೋಟರ್ ಸೈಕಲ್ ಇದೆ" ಎನ್ನುವವರು ಮೊದಲನೆಯವರು. ಇದ್ದೀತು. ಹಲವರು ಸಾಲ ಮಾಡಿ ಕೊಂಡಿದ್ದಾರೆ, ಏಕೆಂದರೆ ದೂರ ಅಷ್ಟಿದೆ. ಹಾಗಾದರೆ ಅನ್ಯಾಯ ಇನ್ನೂ ಹೆಚ್ಚಾಯಿತಲ್ಲವೆ? ಸರಕಾರ ಸೈಕಲ್ಲಿನ ಭತ್ಯೆ ಕೊಡುತ್ತದೆ, ನೌಕರ ಪೆಟ್ರೋಲು ಸುಡುತ್ತಾನೆ. ಸರಕಾರದ ಟಪಾಲನ್ನು ನೌಕರನ ಕಿಸೆ ಎಳೆಯುತ್ತಿದೆ ಎಂದಷ್ಟೇ ಇದರ ಅರ್ಥ.

"ಪತ್ರ ಬರೆಯುವವರೇ ಇಲ್ಲ, ಅಂಚೆಗೆ ಕೆಲಸವೆಲ್ಲಿದೆ?" ಎನ್ನುವವರು ಎರಡನೆಯವರು. ತಂತಿಯ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು ನಿಜ. ಅದರೊಡನೆ ಅಂಚೆ ನಿಲ್ಲಲಿಲ್ಲ. ಉಳಿತಾಯದ ಖಾತೆ, ವಿಮೆಯ ಕಂತು, ಪಾರ್ಸೆಲು, ಮುದುಕರ ಪಿಂಚಣಿ ಎಲ್ಲವೂ ಈಗ ಅದೇ ಚೀಲದಲ್ಲಿವೆ. 2018ರ ಸೆಪ್ಟೆಂಬರ್ 1ರಂದು ಅಂಚೆ ಪಾವತಿ ಬ್ಯಾಂಕು ಆರಂಭವಾದ ಮೇಲೆ ಬ್ಯಾಂಕಿನ ಗುಮಾಸ್ತೆಯ ಕೆಲಸವೂ ಹಳ್ಳಿಯ ಡಾಕ್ ಸೇವಕನ ಹೆಗಲೇರಿತು. ಕಾಗದ ಹಗುರವಾಯಿತು, ಹೊಣೆ ಭಾರವಾಯಿತು.

"ಸೈಕಲ್ ತುಳಿದರೆ ಆರೋಗ್ಯ ಚೆನ್ನಾಗಿರುತ್ತದೆ, ವಾತಾವರಣವೂ ಶುದ್ಧ" ಎನ್ನುವವರು ಮೂರನೆಯವರು. ಬೆಳಗಿನ ಹವಾ ತಿನ್ನಲು ಬೆಲೆಯುಳ್ಳ ಸೈಕಲ್ಲು ಏರಿ ಅರ್ಧ ತಾಸು ಸುತ್ತಿ ಬರುವವರಿಗೆ ಅದು ಆರೋಗ್ಯ. ಮೇ ತಿಂಗಳ ಮಧ್ಯಾಹ್ನ ಚೀಲ ಹೊತ್ತು ತುಳಿಯುವವನಿಗೆ ಅದು ದುಡಿಮೆ. ವಾತಾವರಣ ಶುದ್ಧವಾಗುವುದರಿಂದ ಲಾಭ ಎಲ್ಲರಿಗೂ ಉಂಟಾದರೆ, ಅದರ ಖರ್ಚನ್ನು ಅವನೊಬ್ಬನೇ ಏಕೆ ಹೊರಬೇಕು?

ಹೊರದೇಶಗಳತ್ತ ಒಮ್ಮೆ ಕಣ್ಣು ಹಾಯಿಸಿರಿ. ಬೆಲ್ಜಿಯಂ ದೇಶದಲ್ಲಿ ಕಾರ್ಮಿಕ ಸಂಘಗಳೂ ಮಾಲೀಕರ ಸಂಘಗಳೂ ಕೂಡಿ ಮಾಡಿಕೊಂಡ ಒಪ್ಪಂದದಂತೆ 2023ರ ಮೇ 1ರಿಂದ, ಬೇರೆ ಏರ್ಪಾಡು ಇಲ್ಲದ ಖಾಸಗಿ ಉದ್ಯಮಗಳಲ್ಲಿ ಮನೆಯಿಂದ ಕೆಲಸಕ್ಕೆ ಸೈಕಲ್ಲಿನಲ್ಲಿ ಬರುವ ನೌಕರನಿಗೂ ಕಿಲೋಮೀಟರಿಗೆ 27 ಸೆಂಟ್ ಕೊಡಬೇಕೆಂದಾಯಿತು. ನಮ್ಮ ದುಡ್ಡಿನಲ್ಲಿ ಅದು 20 ರೂಪಾಯಿ ಮೀರುತ್ತದೆ. ಬ್ರಿಟನ್ನಿನಲ್ಲಿ ಮಾಲೀಕನ ಕೆಲಸಕ್ಕೆ ಸ್ವಂತ ಸೈಕಲ್ ಬಳಸಿದವನಿಗೆ ಮೈಲಿಗೆ 20 ಪೆನ್ಸಿನ ವರೆಗೆ ತೆರಿಗೆಯಿಲ್ಲದೆ ಕೊಡಬಹುದು. ಅವು ಬಂಡವಾಳಶಾಹಿ ದೇಶಗಳೇ; ಅಲ್ಲಿ ಸ್ವರ್ಗವಿದೆ ಎಂದು ನಾವು ಹೇಳುತ್ತಿಲ್ಲ, ಅಲ್ಲಿಯ ಬೆಲೆಗಳೂ ಬೇರೆ. ಆದರೆ ತುಳಿದ ದೂರವನ್ನು ಅಳೆಯಬಹುದು, ಅಳೆದು ದುಡ್ಡು ಕೊಡಬಹುದು ಎಂಬುದನ್ನು ಅವರ ಕಾರ್ಮಿಕರು ಒಪ್ಪಿಸಿದ್ದಾರೆ. ಅಳೆಯಲು ಆಗದು ಎಂಬ ನೆಪ ಇನ್ನು ಇಲ್ಲಿಯೂ ನಡೆಯದು.

ನಮ್ಮ ಅಂಗಡಿಯ ಹುಡುಗನೂ ತುಳಿಯುತ್ತಾನೆ

ಸರಕಾರವನ್ನೂ ದೊಡ್ಡ ಕಂಪನಿಗಳನ್ನೂ ಬೈದು ಸುಮ್ಮನಾದರೆ ನಮ್ಮ ಮಾತು ಅರ್ಧವೇ ಆದೀತು. ನಮ್ಮ ವಾಚಕರಲ್ಲಿ ಸಣ್ಣ ವ್ಯಾಪಾರಸ್ಥರಿದ್ದಾರೆ. ಅವರ ಕಷ್ಟ ನಮಗೆ ಗೊತ್ತು. ದೊಡ್ಡ ಮಾಲುಗಳು ಬಂದವು, ಆ್ಯಪಿನ ಅಂಗಡಿಗಳು ಬಂದವು. ಗಿರಾಕಿಯನ್ನು ಉಳಿಸಿಕೊಳ್ಳಲು ಕಿರಾಣಿ ಅಂಗಡಿಯವನೂ ಮನೆಗೆ ಸಾಮಾನು ಮುಟ್ಟಿಸಬೇಕಾಗಿದೆ. ಮುಟ್ಟಿಸುವವನು ಯಾರು? ಅಂಗಡಿಯ ಹುಡುಗ. ಸೈಕಲ್ಲಿನ ಹಿಂದೆ ಹತ್ತು ಕಿಲೋ ಗೋಧಿ ಹಿಟ್ಟು, ಹ್ಯಾಂಡಲ್ಲಿಗೆ ಎಣ್ಣೆಯ ಡಬ್ಬಿ. ಪಂಕ್ಚರಾದರೆ, "ನಿನ್ನ ಸೈಕಲ್ಲು, ನೀನೇ ನೋಡಿಕೋ."

ವ್ಯಾಪಾರಸ್ಥ ಬಂಧುಗಳೇ, ನೀವು ತಕ್ಕಡಿ ಹಿಡಿದವರು. ಗಂಜಿನಲ್ಲಿ ಹಮಾಲಿಯ ಬೆನ್ನಿಗೆ ಚೀಲದ ಲೆಕ್ಕವುಂಟು. ಇಷ್ಟು ಚೀಲ ಇಳಿಸಿದರೆ ಇಷ್ಟು ದುಡ್ಡು. ಹುಡುಗನ ಕಾಲಿಗೆ ಏಕೆ ಲೆಕ್ಕವಿಲ್ಲ? ಶಹಾಬಜಾರಿಗೆ ಎರಡು ಸಲ, ದರ್ಗಾದ ಕಡೆಗೆ ಒಂದು ಸಲ ಹೋಗಿ ಬಂದದ್ದು ನಿಮ್ಮ ವಹಿಯಲ್ಲಿ ಗಿರಾಕಿಯ ಹೆಸರಿಗೆ ಬರೆದಿದೆ. ಹುಡುಗನ ಹೆಸರಿಗೂ ಒಂದು ಗೆರೆ ಎಳೆಯಿರಿ. ಸೈಕಲ್ಲು ಅಂಗಡಿಯದಾಗಿರಲಿ. ಅವನದೇ ಆದರೆ ಬಾಡಿಗೆ ಕೊಡಿರಿ, ಟೈರು ನೀವು ಹಾಕಿಸಿರಿ. ಇದು ಧರ್ಮವಲ್ಲ, ದಾನವಲ್ಲ, ವ್ಯಾಪಾರದ ನ್ಯಾಯ. ಶರಣರ ಕಾಯಕದ ಹೆಸರು ಹೇಳುವ ಈ ನಾಡಿನಲ್ಲಿ ಕಾಯಕ ಒಬ್ಬನದು, ಪ್ರಸಾದ ಇನ್ನೊಬ್ಬನದು ಆಗಕೂಡದು. ಸಣ್ಣವನು ತನಗಿಂತ ಸಣ್ಣವನನ್ನು ತುಳಿದು ದೊಡ್ಡವನಿಂದ ಪಾರಾದ ಉದಾಹರಣೆ ಚರಿತ್ರೆಯಲ್ಲಿಲ್ಲ. ನಿಮ್ಮನ್ನು ನುಂಗಲು ಬಂದ ಕಂಪನಿಯ ಬಲವೇ ಕೂಲಿ ಕೊಡದ ಸವಾರಿ. ಆ ಸವಾರನಿಗೆ ನ್ಯಾಯದ ಕೂಲಿ ಸಿಕ್ಕ ದಿನ ಕಂಪನಿಯ ಅಗ್ಗದ ಆಟ ಮುಗಿದು ನಿಮ್ಮ ಅಂಗಡಿ ಉಳಿಯುತ್ತದೆ. ಆದ್ದರಿಂದ ಈ ಹೋರಾಟ ನಿಮ್ಮದೂ ಹೌದು.

ಗಿರಣಿಯ ಬಂಧುಗಳಿಗೂ ಒಂದು ಮಾತು. "ಭತ್ಯೆ" ಎಂಬ ಮಾತಿಗೆ ಮರುಳಾಗಬೇಡಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, ಇಂಥ ಭತ್ಯೆಗಳೆಲ್ಲ ಕೂಡಿ ಒಟ್ಟು ಸಂಭಾವನೆಯ ಅರ್ಧ ಮೀರದಿದ್ದರೆ, ವಾಹನದ ಭತ್ಯೆ "ವೇತನ"ದಲ್ಲಿ ಸೇರುವುದಿಲ್ಲ. ವೇತನದಲ್ಲಿ ಸೇರದ್ದು ಗ್ರಾಚ್ಯುಟಿಯ ಲೆಕ್ಕಕ್ಕೂ ಇಲ್ಲ, ಭವಿಷ್ಯನಿಧಿಯ ಲೆಕ್ಕಕ್ಕೂ ಇಲ್ಲ. ಆದುದರಿಂದ ಎರಡನ್ನೂ ಬೇರೆಬೇರೆ ಕೇಳಬೇಕು: ಸೈಕಲ್ಲಿನ ಸವೆತಕ್ಕೆ ಭತ್ಯೆ, ಸವಾರನ ದುಡಿಮೆಗೆ ಪಗಾರ. ಒಂದನ್ನು ಕೊಟ್ಟು ಎರಡನ್ನೂ ಕೊಟ್ಟೆವೆನ್ನುವವರನ್ನು ನಂಬಬೇಡಿರಿ. ಅದೇ ಸಂಹಿತೆಯಲ್ಲಿ ಮನೆಗೂ ಕೆಲಸದ ಸ್ಥಳಕ್ಕೂ ನಡುವಿನ ದಾರಿಯಲ್ಲಿ ಆಗುವ ಅಪಘಾತವೂ, ಕೆಲಸಕ್ಕೆ ಸಂಬಂಧವಿದ್ದರೆ, ಕೆಲಸದ ಅಪಘಾತವೆಂದು ಸೇರಿದೆ. ಬೆಳಗಿನ ಪಾಳಿಗೆ ಸೈಕಲ್ ತುಳಿದು ಬರುವ ಬೇಳೆ ಗಿರಣಿಯ ಕಾರ್ಮಿಕರು ಇದನ್ನು ತಿಳಿದಿರಬೇಕು.

ನಮ್ಮ ಬೇಡಿಕೆ

ನಾವು ಕೇಳುವುದು ಇಷ್ಟು.

ಕೆಲಸಕ್ಕಾಗಿ ತುಳಿದ ಪ್ರತಿ ಕಿಲೋಮೀಟರಿಗೂ ದರ ಗೊತ್ತಾಗಬೇಕು. ತಿಂಗಳ ಗುತ್ತಿಗೆ ಹೋಗಬೇಕು. ಕಾರಿಗೂ ಸ್ಕೂಟರಿಗೂ ಕಿಲೋಮೀಟರಿನ ಲೆಕ್ಕವಿರುವಾಗ ಸೈಕಲ್ಲಿಗೂ ಅದೇ ಇರತಕ್ಕದ್ದು.

ಸೈಕಲ್ಲು ಅಥವಾ ಗಾಡಿಯನ್ನು ಕೆಲಸ ಕೊಟ್ಟವನೇ ಒದಗಿಸಬೇಕು. ಇಲ್ಲವೆ ಬಾಡಿಗೆಯನ್ನೂ ದುರಸ್ತಿಯನ್ನೂ ಕೊಡಬೇಕು.

ಚೀಲಕ್ಕಾಗಿ, ಬಸ್ಸಿಗಾಗಿ, ಆರ್ಡರಿಗಾಗಿ ಕಾಯುವ ತಾಸೂ ದುಡಿಮೆಯ ತಾಸೇ ಎಂದು ಎಣಿಕೆಯಾಗಬೇಕು. ಬೇಸಿಗೆಯಲ್ಲಿ ಕಚೇರಿಗಳಿಗೆ ಕೊಡುವ ವೇಳೆಯ ರಿಯಾಯತಿ ರಸ್ತೆಯ ಮೇಲೆ ದುಡಿಯುವವನಿಗೆ ಮೊದಲು ಸಿಗಬೇಕು.

ಗ್ರಾಮೀಣ ಡಾಕ್ ಸೇವಕರನ್ನು ಕಾಯಂ ನೌಕರರೆಂದು ಒಪ್ಪಬೇಕು. "ಬೇರೆ ಉತ್ಪನ್ನವಿರಬೇಕು" ಎಂಬ ನಾಚಿಕೆಗೇಡಿನ ಷರತ್ತು ಪ್ರಕಟಣೆಯಿಂದ ಅಳಿಯಬೇಕು.

ಇದನ್ನು ಕೇಳಲು ಇದೇ ಸಮಯ. ಕೇಂದ್ರ ಸರಕಾರವು 2025ರಲ್ಲಿ ನ್ಯಾಯಮೂರ್ತಿ ರಂಜನಾ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ 8ನೆಯ ವೇತನ ಆಯೋಗವನ್ನು ನೇಮಿಸಿ, ವರದಿಗೆ 18 ತಿಂಗಳ ಅವಧಿ ಕೊಟ್ಟಿದೆ. ವರದಿ ಅಚ್ಚಾದ ಮೇಲೆ ಕೂಗಿ ಫಲವಿಲ್ಲ. ಕಲಬುರಗಿಯ ಗಿರಣಿ ಕಾರ್ಮಿಕರ ಸಂಘಗಳು, ಹಮಾಲಿಗಳ ಸಂಘಗಳು, ಕಮಲಾಪುರದ ರೈತರು ಮತ್ತು ವ್ಯಾಪಾರಸ್ಥರು ಸಭೆ ಸೇರಿ ಠರಾವು ಮಾಡಿ ಕಳಿಸಲಿ. ಹಳ್ಳಿಹಳ್ಳಿಯ ಶಾಖಾ ಅಂಚೆಯಿಂದ ಕಟ್ಟಕಡೆಯ ಮನೆಯ ವರೆಗೆ ಎಷ್ಟು ಕಿಲೋಮೀಟರೆಂದು ಊರವರೇ ಅಳೆದು ಬರೆದಿಡಲಿ. ಗಂಜಿನವರು ತಮ್ಮ ಅಂಗಡಿಯ ಹುಡುಗನ ದಾರಿಯನ್ನೂ ಅದೇ ಕಾಗದದಲ್ಲಿ ಬರೆಯಲಿ. ಬರೆದಿಟ್ಟ ದೂರವನ್ನು ಅಲ್ಲಗಳೆಯುವುದು ಯಾವ ಕಚೇರಿಗೂ ಸುಲಭವಲ್ಲ.

1960ರ ಜುಲೈ ತಿಂಗಳಲ್ಲಿ ಕೇಂದ್ರದ ನೌಕರರು ಮುಷ್ಕರ ಹೂಡಿದಾಗ ಅಂಚೆಯವರೂ ಅದರಲ್ಲಿದ್ದರು. 2018ರಲ್ಲಿ ಹಳ್ಳಿಯ ಡಾಕ್ ಸೇವಕರು ಹದಿನಾರು ದಿನ ಚಕ್ರ ನಿಲ್ಲಿಸಿದರು. ಪೆಡಲು ತುಳಿಯುವವನು ತಾನೇ ತುಳಿಸಿಕೊಳ್ಳಲು ಹುಟ್ಟಿದವನಲ್ಲ ಎಂಬುದನ್ನು ಎರಡು ಸಲವೂ ಅವರು ತೋರಿಸಿದ್ದಾರೆ. ಗಿರಣಿಯವನು, ಅಂಗಡಿಯವನು, ಸೈಕಲ್ಲಿನವನು ಮೂವರೂ ಒಂದೇ ಸಾಲಿನಲ್ಲಿ ನಿಲ್ಲದ ಹೊರತು ಆರು ರೂಪಾಯಿಯು ಏಳೂವರೆ ಆದೀತೇ ಹೊರತು ನ್ಯಾಯವಾಗದು. ಆ ಸಾಲು ಕಲಬುರಗಿಯಿಂದ ಕಮಲಾಪುರದ ವರೆಗೆ ಬೆಳೆಯಲಿ.